ಹಿಡಿಕೆ ಪಕ್ಕದ ಲೋಟ

ಲೋಟದ ತಳದಲ್ಲಿ ತನ್ನ ಹೆಸರಿನ ಮೊದಲ ಅಕ್ಷರ ಕಂಡಾಗ ಗುರುಬಸಮ್ಮನಿಗೆ ಮೊದಲು ಆದದ್ದು ಸಂತೋಷ. ಆಮೇಲೆ ಎಷ್ಟೋ ದಿನ ಆಕೆಯನ್ನು ಚುಚ್ಚಿದ್ದು ಆ ಸಂತೋಷವೇ.

ಶನಿವಾರ ಮಧ್ಯಾಹ್ನ. ಹನೂರಿನಿಂದ ಕೌದಳ್ಳಿ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ಪ್ರಾರ್ಥನಾ ಮಂದಿರ. ಮಂದಿರವೆಂದರೆ ಶೀಟು ಹೊದಿಸಿದ ಒಂದು ಉದ್ದ ಕೋಣೆ, ಮುಂದೊಂದು ಬೇವಿನ ಮರ, ಹಿಂದೊಂದು ನಲ್ಲಿ. ಪಾಸ್ಟರ್ ಶಾಂತರಾಜುವಿನ ಹೆಂಡತಿ ಆಶಾರಾಣಿ ಹೆರಿಗೆಗೆಂದು ಯಳಂದೂರಿನ ತವರಿಗೆ ಹೋಗಿದ್ದಳು. ತಿಂಗಳಿಗೊಮ್ಮೆ ಯೇಸುವಿನ ನೆನಪಿಗೆ ಎಲ್ಲರಿಗೂ ದ್ರಾಕ್ಷಿ ರಸ ಕೊಡುವ ಪ್ರಭುಭೋಜನದ ಪುಟ್ಟ ಲೋಟಗಳನ್ನು ತೊಳೆದಿಡುವುದು, ಕಪ್ಪು ದ್ರಾಕ್ಷಿ ಬೇಯಿಸಿ ರಸ ಸೋಸುವುದು ಎಲ್ಲ ಅವಳ ಕೆಲಸ. ಹೋಗುವಾಗ ಅದನ್ನು ಒಪ್ಪಿಸಿದ್ದು ಶಿವರತ್ನಮ್ಮನಿಗೆ. ಗುರುಬಸಮ್ಮ ಯಾರೂ ಕರೆಯದೆ ತಾನಾಗಿಯೇ ಬಂದು ಸೆರಗು ಸಿಕ್ಕಿಸಿಕೊಂಡು ನಲ್ಲಿ ಮುಂದೆ ಕೂತಿದ್ದಳು. ನಾಳೆ ಭಾನುವಾರ ಆಕೆಯನ್ನು ಸಭೆಯ ಹಿರಿಯಳನ್ನಾಗಿ ನಿಲ್ಲಿಸುವವರಿದ್ದರು. ಹಿರಿಯರಾದವರು ಲೋಟದ ತಟ್ಟೆ ಹಿಡಿದು ಸಾಲುಸಾಲಿಗೂ ಹೋಗಬೇಕು. ಆ ತಟ್ಟೆಯನ್ನು ಹೆಂಗಸೊಬ್ಬಳು ಹಿಡಿಯುವುದು ಅಲ್ಲಿ ಇದೇ ಮೊದಲು.

ಡಬ್ಬಿಯಲ್ಲಿ ಹೆಬ್ಬೆರಳುದ್ದದ ಇಪ್ಪತ್ತೊಂಬತ್ತು ಸ್ಟೀಲ್ ಲೋಟಗಳಿದ್ದವು. ಇನ್ನೊಂದು ಬಿಳಿ ಬಟ್ಟೆಯಲ್ಲಿ ಸುತ್ತಿ ಬೇರೆ ಇತ್ತು. ಆಕೆ ಬಟ್ಟೆ ಬಿಚ್ಚಿ ಅದನ್ನೂ ಬಕೆಟ್ಟಿನ ನೀರಿಗೆ ಹಾಕಿದಳು. ತಿಕ್ಕುವಾಗ ತಳ ಕಂಡಿತು. ಮದುವೆಯ ಪಾತ್ರೆಗೆ ಅಂಗಡಿಯವರು ಮೆಷಿನ್ನಿನಲ್ಲಿ ಹೆಸರು ಕೆತ್ತಿಕೊಡುತ್ತಾರಲ್ಲ, ಹಾಗೆ ಚುಕ್ಕಿಚುಕ್ಕಿಯಾಗಿ ಕೆತ್ತಿದ 'ಗು'.

ತನ್ನನ್ನು ಹಿರಿಯಳನ್ನಾಗಿ ಮಾಡುವ ನೆನಪಿಗೆ ಗುಟ್ಟಾಗಿ ಕೆತ್ತಿಸಿದ್ದಾರೆ ಎಂದುಕೊಂಡಳು ಗುರುಬಸಮ್ಮ. ಮುಖ ಅರಳಿತು.

"ಯಾವಾಗ ಕೆತ್ತಿಸುದ್ರೆ ಶಿವರತ್ನಿ ಇದ? ನಂಗೊಂದು ಮಾತು ಯೋಳ್ಬಾರ್ದಿತ್ತಾ?"

ಶಿವರತ್ನಮ್ಮ ದ್ರಾಕ್ಷಿ ಬಿಡಿಸುವುದನ್ನು ನಿಲ್ಲಿಸಿದಳು. ಎದ್ದು ಬಂದು ಆ ಲೋಟವನ್ನು ಆಕೆಯ ಕೈಯಿಂದ ಎರಡೇ ಬೆರಳಲ್ಲಿ ತೆಗೆದುಕೊಂಡು ಬಿಳಿ ಬಟ್ಟೆಯಲ್ಲಿ ಒರೆಸಿ ಬೇರೆಯಾಗಿ ಇಟ್ಟಳು.

"ಅದ ಇವುಗಳ ಜೊತ ಆಕ್ಬೇಡಿ ಅವ್ವಾರೆ. ಅದು ಬ್ಯಾರೆ."

"ಬ್ಯಾರೆ ಅಂದ್ರೆ?"

"ನಿಮ್ದು."

ಗುರುಬಸಮ್ಮ ಇನ್ನೂ ನಗುತ್ತಲೇ ಮಿಕ್ಕ ಲೋಟಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. ಯಾವುದರ ತಳದಲ್ಲೂ ಏನೂ ಇಲ್ಲ. ನಾಳೆಯ ಸಲುವಾಗಿಯೋ ಎಂದು ಕೇಳಿದಳು.

"ನಾಳಿಕಲ್ಲ. ಅನ್ನೆರಡು ವರ್ಷದಿಂದ್ಲೂ ಅದೆ. ನೀವೇ ಕೇಳಿದ್ರಂತಲ್ಲ, ನಮ್ಮ ಬಾಯಿ ತಾಕಿದ್ದು ಬ್ಯಾಡ ಅಂತ."

ಹನೂರಿಗೆ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದವರಿಗೆ ಹೇಳುವಂತೆ ಹೇಳಿದಳು ಶಿವರತ್ನಮ್ಮ. ದನಿಯಲ್ಲಿ ಸಿಟ್ಟೇ ಇರಲಿಲ್ಲ. ಹೇಳಿ ಮತ್ತೆ ದ್ರಾಕ್ಷಿಯ ಮುಂದೆ ಹೋಗಿ ಕೂತಳು. ನಲ್ಲಿ ಸುರಿಯುತ್ತಲೇ ಇತ್ತು. ಬಕೆಟ್ಟು ತುಂಬಿ ನೀರು ಗುರುಬಸಮ್ಮನ ಪಾದದ ಮೇಲೆ ಹರಿಯತೊಡಗಿದರೂ ಆಕೆಗೆ ನಿಲ್ಲಿಸಬೇಕೆಂದು ತಿಳಿಯಲಿಲ್ಲ.

ಇವರಿಬ್ಬರದು ನಿನ್ನೆ ಮೊನ್ನೆಯ ಗೆಳೆತನವಲ್ಲ. ಗಂಡ ರುದ್ರಸ್ವಾಮಿ ತೀರಿಕೊಂಡ ವರ್ಷ, ಮೂರು ತಿಂಗಳು ಯಾರೊಡನೆಯೂ ಮಾತಾಡದೆ ಅರಿಶಿನದ ಹೊಲದ ಬದುವಿನ ಮೇಲೆ ಕೂತಿರುತ್ತಿದ್ದ ಗುರುಬಸಮ್ಮನ ಮುಂದೆ, ಕಳೆ ಕೀಳಲು ಬಂದ ಈ ಶಿವರತ್ನಮ್ಮ ಸೆರಗಿನಲ್ಲಿ ಕಟ್ಟಿಕೊಂಡಿದ್ದ ವೇದಪುಸ್ತಕವನ್ನು ಬಿಚ್ಚಿ ಇಟ್ಟಿದ್ದಳು. ನಂಗೆ ಓದಕ್ಕೆ ಬರಕಿಲ್ಲ, ಒಂದೀಟು ಓದಿ ಯೋಳಿ ಅವ್ವಾರೆ ಅಂದಿದ್ದಳು. ಅವಳಿಗಾಗಿ ಓದತೊಡಗಿದವಳು ತನಗಾಗಿ ಓದುವಂತಾದಳು. ಲಿಂಗಾಯತರ ಬೀದಿಯ ದೊಡ್ಡ ಮನೆಯ ಸೊಸೆ, ಸತ್ತೇಗಾಲದ ಗದ್ದೆ ತೋಟದವರ ಮಗಳು, ದಲಿತರ ಕೇರಿಯವರ ಪ್ರಾರ್ಥನೆಗೆ ಬಂದು ಕೂತಾಗ ಊರು ಮೂಗಿನ ಮೇಲೆ ಬೆರಳಿಟ್ಟಿತು. ಮೈದುನ ಪರಮೇಶ ಆಕೆಯ ಜೊತೆ ಪಂಕ್ತಿಯಲ್ಲಿ ಊಟಕ್ಕೆ ಕೂರುವುದನ್ನು ಬಿಟ್ಟ. ಆಕೆ ಹೆದರಲಿಲ್ಲ. ದಿನಾ ಬೆಳಿಗ್ಗೆ ಆಕೆ ದೇವರಲ್ಲಿ ಕೇಳುತ್ತಿದ್ದುದು ಒಂದನ್ನೇ: ಆಸ್ತಿಯಲ್ಲ, ಆಯಸ್ಸಲ್ಲ, ಜ್ಞಾನ. ಮಂಗಳವಾರದ ಹೆಂಗಸರ ಕೂಟ ನಡೆಸುವವಳು ಆಕೆಯೇ. ಸಭೆಯ ವಾಟ್ಸಾಪ್ ಗುಂಪಿಗೆ ಬೆಳಗಿನ ವಾಕ್ಯ ಕಳಿಸುವವಳೂ ಆಕೆಯೇ.

ಹೋದ ಮಂಗಳವಾರದ ಪಾಠ ಈಗ ನೆನಪಾಯಿತು. ಮೇಲಿಂದ ಬರುವ ಜ್ಞಾನಕ್ಕೆ ಗುರುತೇನು? ಅದಕ್ಕೆ ಪಕ್ಷಪಾತವಿಲ್ಲ, ಅದು ಮುಖ ನೋಡಿ ಮಣೆ ಹಾಕುವುದಿಲ್ಲ. ಅರ್ಧ ಗಂಟೆ ಹೇಳಿದ್ದಳು, ಕೈ ಆಡಿಸಿ ಹೇಳಿದ್ದಳು. ಎದುರಿಗೆ ಹದಿನಾಲ್ಕು ಹೆಂಗಸರು ಚಾಪೆಯ ಮೇಲೆ ಕೂತು ತಲೆದೂಗಿದ್ದರು. ಹದಿನಾಲ್ಕು ಜನಕ್ಕೂ ಲೋಟದ ವಿಷಯ ಗೊತ್ತಿತ್ತು. ಗೊತ್ತಿದ್ದೂ ತಲೆದೂಗಿದ್ದರು.

ಪಾಸ್ಟರ್ ಶಾಂತರಾಜು ಮಗುವನ್ನು ನೋಡಿಕೊಂಡು ಯಳಂದೂರಿನಿಂದ ಬಂದಾಗ ನಾಲ್ಕು ಗಂಟೆ. ಕೈಯಲ್ಲಿ ಸಿಹಿಯ ಪೊಟ್ಟಣ. ಬೇವಿನ ಮರದ ಕೆಳಗಿನ ಬೆಂಚಿನ ಮೇಲೆ ಕೂತಿದ್ದ ಗುರುಬಸಮ್ಮನಿಗೆ ಹೆಣ್ಣು ಮಗು ಎಂದು ಹೇಳಲು ಬಾಯಿ ತೆರೆದವನು ಆಕೆಯ ಅಂಗೈಯಲ್ಲಿದ್ದ ಲೋಟ ಕಂಡು ಪೊಟ್ಟಣವನ್ನು ಬೆಂಚಿನ ಮೇಲಿಟ್ಟ. ಅವನು ಹುಟ್ಟಿದ್ದು ಶಿವರತ್ನಮ್ಮನ ಕೇರಿಯಲ್ಲೇ. ಅವನ ತಾಯಿಯ ಬಾಯಿಯೂ ಅವನದೇ ಬಾಯಿಯೂ ತಾಕದಂತೆ ಆ ಒಂದು ಲೋಟವನ್ನು ಬೇರೆ ಇಡಿಸಿದವನು ಅವನೇ.

"ಯಾಕಯ್ಯಾ ನನ್ನ ಹೆಸರಲ್ಲಿ ಸುಳ್ಳು ಯೋಳ್ದೆ?" ಅಂದಳು ಗುರುಬಸಮ್ಮ. ದೀಕ್ಷಾಸ್ನಾನ ಪಡೆದು ಸಭೆಗೆ ಸೇರಿದ ಮೇಲೆ ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅದು ಆಕೆಯ ಗಮನಕ್ಕೆ ಬರಲಿಲ್ಲ. ಅವನ ಗಮನಕ್ಕೆ ಬಂತು.

ಶಾಂತರಾಜು ನಿಂತೇ ಹೇಳಿದ. ಆಗ ಇದು ತೆಂಗಿನ ಗರಿಯ ಚಪ್ಪರ. ಭಾನುವಾರ ಹಾಡು ಶುರುವಾದರೆ ಯಾರಾದರೊಬ್ಬರು ಬಂದು ಮೈಕಿನ ವಯರು ಕಿತ್ತುಹಾಕುತ್ತಿದ್ದರು, ಎರಡು ಸಲ ಕಲ್ಲೂ ಬಿದ್ದಿತ್ತು. ದೊಡ್ಡ ಮನೆಯ ಅಮ್ಮ ಬಂದು ಮುಂದಿನ ಕುರ್ಚಿಯಲ್ಲಿ ಕೂತ ಮೇಲೆ ಒಂದು ಕಲ್ಲೂ ಬೀಳಲಿಲ್ಲ. ಆಕೆ ಬಿಟ್ಟುಹೋದರೆ ಮತ್ತೆ ಬೀಳುತ್ತದೆ ಎಂದು ಅವನು ಲೆಕ್ಕ ಹಾಕಿದ್ದ. ಮೊದಲನೇ ಪ್ರಭುಭೋಜನದ ದಿನ ತಟ್ಟೆ ಮುಂದೆ ಬಂದಾಗ ಆಕೆ ಲೋಟ ಮುಟ್ಟದೆ ಕೈ ಹಿಂದಕ್ಕೆ ಎಳೆದುಕೊಂಡಿದ್ದನ್ನೂ ಅವನು ಕಂಡಿದ್ದ.

ಆಗ ಇನ್ನೂ ದೀಕ್ಷಾಸ್ನಾನ ಆಗಿರಲಿಲ್ಲ, ತಗೋಬಾರದು ಅಂದುಕೊಂಡಿದ್ದೆ ಎಂದಳು ಗುರುಬಸಮ್ಮ.

"ಇರ್ಬೋದು ಅಮ್ನೋರೆ. ಆದ್ರೆ ನಾನು ಸುಮ್ನೆ ಮಾಡ್ನಿಲ್ಲ. ಅವತ್ತು ಸಂಜೆ ನಿಮ್ಮ ಜಗಲಿ ಕೆಳಗೆ ನಿಂತ್ಕಂಡು ಕೇಳುದ್ನಲ್ಲ. ಲೋಟ ಬ್ಯಾರೆ ಮಡಗ್ಸಿದ್ರೆ ನಿಮ್ಗೆ ಸಲೀಸಾಯ್ತದಾ ಅಂತ. ನಿಮ್ಗೆ ಎಂಗ್ ಅನುಕೂಲ್ವೋ ಅಂಗ್ ಮಾಡಪ್ಪ ಅಂದ್ರಿ."

ಇಲ್ಲ ಎನ್ನಲು ಗುರುಬಸಮ್ಮ ಬಾಯಿ ತೆರೆದಳು. ಬಾಯಿ ತೆರೆದಿದ್ದಂತೆಯೇ ಆ ಸಂಜೆ ಕಣ್ಣ ಮುಂದೆ ಬಂತು. ಆಕೆ ಮೊರದಲ್ಲಿ ಅವರೆಕಾಳು ಕೇರುತ್ತಿದ್ದಳು. ಅವನು ಕೆಳಗೆ ಬಿಸಿಲಲ್ಲಿ ನಿಂತಿದ್ದ. ಬಾ ಮೇಲೆ ಕೂತ್ಕೋ ಎಂದು ಆಕೆ ಹೇಳಿರಲಿಲ್ಲ. ಅವನು ಕೇಳಿದ. ಆಕೆ ಕಾಳಿನಿಂದ ಕಣ್ಣೆತ್ತದೆ ಹೇಳಿದಳು. ಅಷ್ಟೆ. ಮಾತು ಹೇಳಿ ಮೊರ ಎತ್ತಿಕೊಂಡು ಒಳಗೆ ಹೋದಳು, ಮರೆತಳು. ಕೇರಿ ಮರೆಯಲಿಲ್ಲ. ಪ್ರತಿ ತಿಂಗಳ ಮೊದಲ ಭಾನುವಾರ ತಟ್ಟೆಯ ಹಿಡಿಕೆ ಪಕ್ಕದ ಲೋಟ ಆಕೆಯ ಕೈಗೆ ಹೋಗುವುದನ್ನು ನೋಡುತ್ತಾ, ಹನ್ನೆರಡು ವರ್ಷ, ಅದೇ ರಸ ಕುಡಿಯಿತು. ಮರೆಯುವ ಸೌಕರ್ಯವೂ ಈ ನಾಡಿನಲ್ಲಿ ಜಗಲಿಯ ಮೇಲಿರುವವರಿಗೇ ಸಿಕ್ಕಿದ್ದು.

ಆಕೆಗೆ ಇನ್ನೊಂದೂ ಹೊಳೆಯಿತು. ಶಿವರತ್ನಮ್ಮನ ಮನೆಗೆ ನೂರು ಸಲವಾದರೂ ಹೋಗಿದ್ದಾಳೆ. ಪ್ರಾರ್ಥನೆ ಮಾಡಿದ್ದಾಳೆ, ಅವಳ ಜ್ವರಕ್ಕೆ ಹಣೆ ಮುಟ್ಟಿದ್ದಾಳೆ. ಒಂದು ಸಲವೂ ಹೊಸ್ತಿಲು ದಾಟಿಲ್ಲ. ಕೈಯಲ್ಲಿ ತನ್ನ ನೀರಿನ ಬಾಟಲಿ ಇದ್ದೇ ಇರುತ್ತಿತ್ತು. ಆ ಮನೆಯಲ್ಲಿ ಯಾರೂ ತನಗೆ ಒಂದು ತೊಟ್ಟು ಕಾಫಿ ಬೇಕಾ ಎಂದು ಕೇಳಿಲ್ಲ ಎಂಬುದು ಈ ಬೆಂಚಿನ ಮೇಲೆ ಕೂತಾಗ ಮೊದಲ ಬಾರಿಗೆ ತಿಳಿಯುತ್ತಿದೆ. ಇಷ್ಟು ವರ್ಷ ಕೇಳಿ ಕೇಳಿ ಪಡೆದ ಜ್ಞಾನ ಯಾವುದು ಹಾಗಾದರೆ?

ಶಾಂತರಾಜು ತಗ್ಗಿದ ದನಿಯಲ್ಲಿ ಮುಂದುವರಿಸಿದ. ನಾಳೆ ಆಕೆ ಹಿರಿಯಳಾದರೆ ಹಿರಿಯರು ಕೊನೆಗೆ ಉಳಿದ ಲೋಟದಲ್ಲಿ ಕುಡಿಯುವ ಪದ್ಧತಿ, ಆಗ ಈ ಲೋಟವನ್ನು ಸದ್ದಿಲ್ಲದೆ ತೆಗೆದುಹಾಕಬಹುದು, ಯಾರ ಮನಸ್ಸೂ ನೋಯುವುದಿಲ್ಲ ಎಂಬುದು ಅವನ ಎಣಿಕೆ. ಅವನು ಕೆಟ್ಟವನಲ್ಲ. ಜಾಣ. ಕಲ್ಲು ಬೀಳದಂತೆ ಬದುಕುವ ಜಾಣತನ ಕಲಿಯದಿದ್ದರೆ ಅವನ ಸಭೆಯೇ ಇರುತ್ತಿರಲಿಲ್ಲ.

"ನಾಳಿಕ ನಾನು ತಟ್ಟೆ ಮುಟ್ಟಲ್ಲ," ಅಂದಳು ಗುರುಬಸಮ್ಮ. "ಯಾಕ ಅಂತ ಎಲ್ರ ಮುಂದ್ಲೂವೆ ಯೋಳ್ತೀನಿ."

ಬೇಡವೆಂದು ಅವನು ಕೈಮುಗಿದ. ಹೊರಗೆ ಗೊತ್ತಾದರೆ, ಪರಮೇಶಣ್ಣನ ಕಿವಿಗೆ ಬಿದ್ದರೆ ಮತ್ತೆ ಕಲ್ಲು ಬೀಳುತ್ತದೆ, ಅಂದ. ಆಕೆ ಎದ್ದು ಹೋದಳು.

ಭಾನುವಾರ ಹಾಡು ಮುಗಿದ ಮೇಲೆ ಆಕೆ ಮುಂದಿನ ಕುರ್ಚಿಯಿಂದ ಎದ್ದು ನಿಂತು ಲೋಟವನ್ನು ಎತ್ತಿ ತೋರಿಸಿ ಎಲ್ಲವನ್ನೂ ಹೇಳಿದಳು. ಕೈ ಎಳೆದುಕೊಂಡದ್ದು, ಜಗಲಿ, ಕಾಳು, ಅನುಕೂಲ ಅಂದದ್ದು, ಎಲ್ಲ. ಪಾಸ್ಟರನ ತಪ್ಪು ಎನ್ನಲಿಲ್ಲ. ಹೇಳುವಾಗ ಒಳಗೊಳಗೇ ಒಂದು ಆಸೆ ಇತ್ತು: ಯಾರಾದರೂ ಅಳುತ್ತಾರೆ, ಯಾರಾದರೂ ಬಂದು ತಬ್ಬಿಕೊಳ್ಳುತ್ತಾರೆ. ಯಾರೂ ಅಳಲಿಲ್ಲ. ಹಿಂದಿನ ಸಾಲಿನಿಂದ ಮುದುಕ ಚಿಕ್ಕಸಿದ್ದಯ್ಯ ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ನಮ್ಗೆಲ್ಲಾ ಗೊತ್ತಿತ್ತು ಕನವ್ವ," ಅಂದ. "ನಿಮ್ಗೆ ಗೊತ್ತಿಲ್ಲ ಅನ್ನದು ಮಾತ್ರ ಗೊತ್ತಿರ್ನಿಲ್ಲ."

ಕಲ್ಲು ಬಿದ್ದಿದ್ದರೂ ಆಕೆಗೆ ಅಷ್ಟು ತಾಕುತ್ತಿರಲಿಲ್ಲ. ಶಾಂತರಾಜುವೇ ತಟ್ಟೆ ಹಿಡಿದು ಹೊರಟ. ಆಕೆಯ ಮುಂದೆ ಬಂದಾಗ ಆಕೆ ಬೇಡವೆಂದು ತಲೆಯಾಡಿಸಿದಳು. ತನ್ನ ಮೇಲೆ ಸೋದರಿಗೆ ನೋವಿದ್ದರೆ ಮೊದಲು ಹೋಗಿ ಅವಳ ಜೊತೆ ಸರಿಮಾಡಿಕೊ, ಆಮೇಲೆ ದೇವರ ಮುಂದೆ ಬಾ ಎಂದು ಆಕೆಯೇ ಎಷ್ಟೋ ಸಲ ಪಾಠ ಮಾಡಿದ್ದಳು.

ಮಧ್ಯಾಹ್ನ ಬಾಟಲಿಯಿಲ್ಲದೆ ಬರಿಗೈಯಲ್ಲಿ ಕೇರಿಗೆ ನಡೆದಳು. ಶಿವರತ್ನಮ್ಮ ಮನೆ ಮುಂದೆ ಕಡಲೆಕಾಯಿ ರಾಶಿಯ ಮುಂದೆ ಕೂತು ಬೀಜ ಬಿಡಿಸುತ್ತಿದ್ದಳು. ಗುರುಬಸಮ್ಮ ನಿಂತುಕೊಂಡೇ ಕೇಳಿದಳು.

"ಒಂದು ಲೋಟ ನೀರು ಕೊಡು ಶಿವರತ್ನಿ."

ಶಿವರತ್ನಮ್ಮ ಒಂದು ಕಾಯಿ ಒಡೆದಳು, ಬೀಜವನ್ನು ಮೊರಕ್ಕೆ ಹಾಕಿದಳು, ಸಿಪ್ಪೆಯನ್ನು ಪಕ್ಕಕ್ಕೆ ಎಸೆದಳು.

"ಕೊಡಕಿಲ್ಲ."

ಗುರುಬಸಮ್ಮನಿಗೆ ಕೇಳಿದ್ದು ನಿಜವೋ ಎಂದು ತಿಳಿಯಲಿಲ್ಲ. ಹೊಲದಲ್ಲಾಗಲಿ ಸಭೆಯಲ್ಲಾಗಲಿ ಇವಳ ಬಾಯಲ್ಲಿ ಇಲ್ಲ ಎಂಬ ಮಾತನ್ನು ಆಕೆ ಇದುವರೆಗೆ ಕೇಳಿರಲಿಲ್ಲ.

"ಬಾಯಾರಿ ಬನ್ನಿ, ಕೊಡ್ತೀನಿ," ಅಂದಳು ಶಿವರತ್ನಮ್ಮ, ತಲೆ ಎತ್ತದೆ. "ಇವತ್ತು ನೀವು ನೀರ್ಗೆ ಬಂದಿಲ್ಲ ಅವ್ವಾರೆ. ಮಾಪಿಗೆ ಬಂದಿದ್ದೀರಿ. ನೀರು ಕುಡ್ದು, ಆಯ್ತು ಅಂತ ಎದ್ದು ಓಯ್ತೀರಿ. ನಾನ್ ಇಲ್ಲೇ ಇರ್ತೀನಿ."

ಗುರುಬಸಮ್ಮನಿಗೆ ವಾಪಸು ಹೋಗಬೇಕೆನಿಸಿತು. ಹೋದರೆ ಇವಳು ಹೇಳಿದ್ದೇ ನಿಜವಾಗುತ್ತದೆ. ಆಕೆ ನೆಲದ ಮೇಲೆ, ರಾಶಿಯ ಈಚೆ, ಕೂತಳು. ಶಿವರತ್ನಮ್ಮ, ಕೂತ್ಕಳದಾದ್ರೆ ಕಾಯಿ ಬುಡ್ಸಿ ಎಂದು ರಾಶಿಯಿಂದ ಒಂದು ಪಾಲು ಈ ಕಡೆ ತಳ್ಳಿದಳು.

ಬಿಡಿಸಿದರು. ಬಿಸಿಲು ಮಾಡಿನಂಚಿನಿಂದ ಇಳಿದು ಗುರುಬಸಮ್ಮನ ಬೆನ್ನ ಮೇಲೆ ಬಂತು. ಮಣ್ಣಿನ ಧೂಳು ಮೂಗಿಗೆ, ಗಂಟಲಿಗೆ ಹೋಯಿತು. ಹೆಬ್ಬೆರಳ ಉಗುರಿನ ಸಂದು ಉರಿಯತೊಡಗಿತು. ಎದುರಿನವಳ ಮೊರ ಎರಡು ಸಲ ತುಂಬಿತು, ಆಕೆಯದು ಅರ್ಧವೂ ಆಗಿರಲಿಲ್ಲ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಆಕೆ ನುಂಗಲು ನೋಡಿದಳು, ನುಂಗಲು ಏನೂ ಇರಲಿಲ್ಲ.

"ಬಾಯಾರ್ತು ಶಿವರತ್ನಿ."

ಶಿವರತ್ನಮ್ಮ ಆಗ ಮುಖ ಎತ್ತಿ ನೋಡಿದಳು. ಎದ್ದೇಳಲಿಲ್ಲ.

"ಮಡ್ಕ ಒಳ್ಗದೆ. ತಕ್ಕಂಡು ಕುಡೀರಿ."

ಗುರುಬಸಮ್ಮ ಎದ್ದಳು. ಬಾಗಿಲು ತಗ್ಗು, ಬಗ್ಗಿ ಹೊಸ್ತಿಲು ದಾಟಿದಳು. ಬಿಸಿಲಿನಿಂದ ಬಂದ ಕಣ್ಣಿಗೆ ಒಳಗೆಲ್ಲ ಕತ್ತಲೆ. ಮಡಕೆ ಯಾವ ಮೂಲೆಯಲ್ಲಿದೆ, ಈ ಮನೆಯಲ್ಲಿ ಲೋಟ ಎಲ್ಲಿಡುತ್ತಾರೆ, ಒಂದೂ ಆಕೆಗೆ ಗೊತ್ತಿರಲಿಲ್ಲ. ಗೋಡೆಯ ಮೇಲೆ ಅಂಗೈ ಊರಿ ಹುಡುಕತೊಡಗಿದಳು.