ಒಣ ಹುಲ್ಲಿನ ಮನೆ ಹುಡುಕುವವನು

ಮನೆಗಳ ಬೆಲೆ ಕುಸಿದ ಆ ವರ್ಷ ಸ್ಟಾಕ್ಟನ್ನಿನಲ್ಲಿ ಯಾರ ಮನೆ ಮುಂದಿನ ಹುಲ್ಲು ಒಣಗಿತ್ತೋ ಅವರ ಸಾಲದ ಕಂತು ನಿಂತಿದೆ ಅಂತಲೇ ಅರ್ಥ. ಕೈಯಲ್ಲಿ ಕಾಸಿಲ್ಲದವರು ಮೊದಲು ಹುಲ್ಲಿಗೆ ನೀರು ನಿಲ್ಲಿಸುತ್ತಾರೆ. ಆಮೇಲೆ ಬಾಗಿಲಿಗೆ ಬ್ಯಾಂಕಿನ ನೋಟೀಸು ಅಂಟುತ್ತದೆ. ಈ ಎರಡರ ನಡುವೆ ಮನೆ ದಲ್ಲಾಳಿ ರೆನೆ ಸಾಲ್ಸೀದೊನ ಬಿಳಿ ಕಾರು ಬರುತ್ತದೆ. ಪ್ರತಿ ಮನೆಯ ಮುಂದೂ ನಿಧಾನ ಮಾಡಿ, ಹುಲ್ಲು ನೋಡಿ ಮುಂದೆ ಹೋಗುತ್ತಾನೆ. ಮುಳುಗುತ್ತಿರುವವರನ್ನು ಹುಡುಕುವುದೇ ಅವನ ಕಸುಬು.

ನನ್ನ ಪಕ್ಕದ ಮನೆ ಎಲೋಡಿಯಾಳದು. ಅವಳೂ ನಾನೂ ಟೊಮೆಟೊ ಕಾರ್ಖಾನೆಯಲ್ಲಿ ಹಣ್ಣು ಆರಿಸುವವರು. ಅವಳ ಗಂಡ ಫೆರ್ಮಿನ್ ಈ ಊರಿನ ಅರ್ಧ ಹೊಸ ಮನೆಗಳಿಗೆ ಟೈಲ್ಸ್ ಹಾಕಿದವನು. ಮನೆ ಕಟ್ಟುವುದು ನಿಂತಿತು, ಅವನ ಕೆಲಸವೂ ನಿಂತಿತು. ಬೆನ್ನು ಅದಕ್ಕೂ ಮೊದಲೇ ಹೋಗಿತ್ತು.

ಸಾಲ್ಸೀದೊ ಸಿಹಿ ಬನ್ನಿನ ಡಬ್ಬಿ ಹಿಡಿದು ಬಂದ. ನಮ್ಮವನೇ, ನಮ್ಮ ಮಾತೇ ಆಡುವವನು.

"ಅಕ್ಕಾ, ಹೆದರ್ಬೇಡಿ. ಸಾಲಕ್ಕಿಂತ ಕಡಿಮೆ ಬೆಲೆಗೆ ಮಾರೋಣ. ಬ್ಯಾಂಕು ಒಪ್ಪಿದ್ರೆ ಉಳಿದದ್ದು ಮನ್ನಾ. ಕೊಳ್ಳೋನು ನನಗೆ ಗೊತ್ತಿರೋನು. ನೀವು ಇಲ್ಲೇ ಬಾಡಿಗೆಗೆ ಇರಿ. ಕಾಗದದಲ್ಲಿ ಹೆಸರು ಬದಲಾಗುತ್ತೆ, ಅಷ್ಟೇ."

"ನಿಜವಾಗ್ಲೂ ಇಲ್ಲೇ ಇರಬಹುದಾ?" ಎಂದಳು ಎಲೋಡಿಯಾ.

"ನನ್ನ ಮಕ್ಕಳಾಣೆ."

ಸಹಿ ಬಿತ್ತು. ಮುಂದಿನ ವಾರ ಮತ್ತೆ ಬಂದ. ಈ ಸಲ ಬನ್ನು ಇರಲಿಲ್ಲ.

"ಗುರುವಾರ ಬ್ಯಾಂಕಿನವಳು ಬೆಲೆ ಕಟ್ಟೋಕೆ ಬರ್ತಾಳೆ. ಮನೆ ಚೆನ್ನಾಗಿ ಕಂಡ್ರೆ ಬೆಲೆ ಏರುತ್ತೆ, ಬ್ಯಾಂಕು ನಮ್ಮ ಕಡಿಮೆ ಬೆಲೆಗೆ ಒಪ್ಪಲ್ಲ. ಬಚ್ಚಲುಮನೆ ಟೈಲ್ಸು ಒಂದಿಷ್ಟು ಒಡೀರಿ ಅಣ್ಣಾ."

"ಅದು ನಾನೇ ಹಾಕಿದ್ದು," ಎಂದ ಫೆರ್ಮಿನ್.

"ಹಾಗಾದ್ರೆ ಒಡೆಯೋದೂ ನಿಮಗೇ ಸುಲಭ."

ಸುತ್ತಿಗೆಯ ಸದ್ದು ನನ್ನ ಅಡಿಗೆಮನೆಗೆ ಕೇಳಿತು. ಸದ್ದು ನಿಂತ ಮೇಲೆ ಗಂಡಸೊಬ್ಬ ಅಳುವುದೂ ಕೇಳಿತು.

ಮಂಗಳವಾರ ಒಬ್ಬ ಬಂದು ಅವರ ಕಿಟಕಿ ಅಳೆಯುತ್ತಿದ್ದ. ಗುರುತು ಸಿಕ್ಕಿತು. ಟೈರಿನ ಅಂಗಡಿಯವನು, ಸಾಲ್ಸೀದೊನ ಹೆಂಡತಿಯ ತಮ್ಮ. ನಾನು ಬೇಲಿಯ ಹತ್ತಿರ ಹೋದೆ.

"ಏನಪ್ಪಾ, ಮನೆ ನೀನೇ ತಗೊಳ್ತಿದ್ದೀಯಾ? ಇವರು ಬಾಡಿಗೆಗೆ ಇರ್ತಾರಂತಲ್ಲ?"

"ಯಾರು ಹೇಳಿದ್ದು ನಿಮ್ಗೆ? ಕಾಗದ ಆದ ತಕ್ಷಣ ಹೊರಗೆ. ಬಣ್ಣ ಬಳಿದು ದುಪ್ಪಟ್ಟಿಗೆ ಮಾರೋದೇ. ಭಾವ ಈ ಬೀದೀಲಿ ಇನ್ನೂ ನಾಲ್ಕು ಮನೆ ನೋಡಿಟ್ಟಿದಾರೆ." ನನ್ನ ಅಂಗಳದತ್ತ ನೋಡಿ ಹಲ್ಲು ಕಿರಿದ. "ನಿಮ್ಮ ಹುಲ್ಲೂ ಒಣಗಿದೆಯಲ್ಲಮ್ಮಾ."

ನೇರ ಹೋಗಿ ಎಲೋಡಿಯಾಳಿಗೆ ಹೇಳಿದೆ. ಅವಳು ಅಳಲಿಲ್ಲ.

"ಸಹಿ ವಾಪಸ್ ತಗೊಳ್ಳೇ," ಎಂದೆ.

"ತಗೊಂಡ್ರೂ ಮನೆ ಹೋಗುತ್ತೆ ಟೆಂಚಾ. ಕಂತು ಎಲ್ಲಿಂದ ತರ್ಲಿ? ಹೋಗೋದಾದ್ರೆ ಹೋಗ್ಲಿ. ಆ ಕಳ್ಳನ ಬಾಯಿಗೆ ಮಾತ್ರ ಬೀಳಬಾರದು. ಬ್ಯಾಂಕಿನವಳು ಬರ್ಲಿ. ಅರಮನೆ ತೋರಿಸ್ತೀನಿ ಅವಳಿಗೆ."

ಬುಧವಾರ ಬೀದಿಗೆ ಬೀದಿಯೇ ಬಂತು. ಬಣ್ಣದವರು, ಬಡಗಿಗಳು, ತೋಟದವರು. ಎಲ್ಲರೂ ಕೆಲಸ ಕಳಕೊಂಡು ಮನೆಯಲ್ಲಿ ಕೂತವರು. ಕಟ್ಟಿದ ಮನೆಗಳಲ್ಲಿ ಉಳಿದ ಬಣ್ಣ, ಹಲಗೆ, ಟೈಲ್ಸು ಪ್ರತಿಯೊಬ್ಬರ ಗ್ಯಾರೇಜಿನಲ್ಲೂ ಇತ್ತು. ಒಬ್ಬ ತನ್ನ ಅಂಗಳಕ್ಕಿಟ್ಟಿದ್ದ ಹಸಿರು ಹುಲ್ಲನ್ನೇ ಚಾಪೆಯ ಹಾಗೆ ಸುತ್ತಿ ತಂದ. ನಾನು ದೊಡ್ಡ ಪಾತ್ರೆಯಲ್ಲಿ ಹುರುಳಿಕಾಯಿ ಬೇಯಿಸುತ್ತಾ ಸಾಲ್ಸೀದೊನ ವಂಶವನ್ನೆಲ್ಲ ಬೈದೆ. ಗಂಡಸರು ನಕ್ಕರು, ಇನ್ನಷ್ಟು ಬೈಗುಳ ಒದಗಿಸಿದರು. ಫೆರ್ಮಿನ್ ಬೆನ್ನಿಗೆ ಪಟ್ಟಿ ಬಿಗಿದು ಬಚ್ಚಲುಮನೆಯ ನೆಲದಲ್ಲಿ ಕೂತ. ಟೈಲ್ಸ್ ಮುಟ್ಟಲು ಬೇರೆ ಯಾರನ್ನೂ ಬಿಡಲಿಲ್ಲ.

ಗುರುವಾರ ಸಾಲ್ಸೀದೊ ಬ್ಯಾಂಕಿನವಳ ಜೊತೆ ಬಂದ. ಕಾರಿನಿಂದ ಇಳಿದವನು ಬೇರೆ ಬೀದಿಗೆ ಬಂದೆನೇನೋ ಎಂಬಂತೆ ಮನೆಯ ನಂಬರು ನೋಡಿದ.

"ನೀರು ಸೋರುತ್ತೆ, ಟೈಲ್ಸು ಒಡೆದಿದೆ ಅಂದಿದ್ರಿ?" ಎಂದಳು ಅವಳು, ಬಚ್ಚಲುಮನೆಯ ಫೋಟೊ ತೆಗೆಯುತ್ತಾ.

"ಇವರು... ಮೊನ್ನೆ ತಾನೆ..." ಎಂದ ಸಾಲ್ಸೀದೊ.

"ಒಡೆದಿದ್ದು ನಾನೇ," ಎಂದ ಫೆರ್ಮಿನ್. "ಇವರು ಹೇಳಿದ್ರು, ಒಡೆದೆ. ಹೆಂಡತಿ ಹೇಳಿದ್ಲು, ಕಟ್ಟಿದೆ."

ಅವಳು ಹೋದ ಮೇಲೆ ಸಾಲ್ಸೀದೊ ಎಲೋಡಿಯಾಳ ಮೇಲೆ ಎಗರಿದ. "ಇದರಿಂದ ನಿಂಗೇನ್ ಸಿಕ್ತು? ನೀನೂ ಬೀದಿಗೇ ಬೀಳ್ತೀಯಾ!"

"ಬೀಳ್ತೀನಿ. ನಿನ್ನ ಮುಖ ಹೀಗೆ ಇಂಗು ತಿಂದ ಮಂಗನ ಥರ ಆಗಿದ್ದು ನೋಡ್ಕೊಂಡೇ ಬೀಳ್ತೀನಿ. ನಡಿ ಆಚೆಗೆ."

ಬ್ಯಾಂಕು ಸಾಲ್ಸೀದೊನ ಭಾವಮೈದುನ ಹೇಳಿದ ಬೆಲೆಗೆ ಒಪ್ಪಲಿಲ್ಲ. ಎಲೋಡಿಯಾಳಿಗೆ ವಾಯಿದೆಯನ್ನೂ ಕೊಡಲಿಲ್ಲ. ಮನೆ ಹರಾಜಿಗೆ ಹೋಯಿತು. ಬ್ಯಾಂಕು ಕಟ್ಟಿದ ಬೆಲೆಗೆ ಯಾರೂ ಕೂಗಲಿಲ್ಲ, ಬ್ಯಾಂಕೇ ಇಟ್ಟುಕೊಂಡಿತು. ಈಗ ಅಲ್ಲಿ ಬೀಗ ಇದೆ, ಒಳಗೆ ಹೊಳೆಯುವ ಬಚ್ಚಲುಮನೆ ಇದೆ, ವಾಸಕ್ಕೆ ಯಾರೂ ಇಲ್ಲ. ಎಲೋಡಿಯಾ, ಫೆರ್ಮಿನ್ ನನ್ನ ಗ್ಯಾರೇಜಿನಲ್ಲಿ ಮಲಗುತ್ತಾರೆ. ಇದು ಯಾವ ನ್ಯಾಯ ಅಂತ ನನ್ನನ್ನು ಕೇಳಬೇಡಿ.

ಸಾಲ್ಸೀದೊ ನಮ್ಮ ಬೀದಿಗೆ ಬರುವುದನ್ನು ಬಿಟ್ಟ. ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಬಾಗಿಲಲ್ಲಿ ನಿಂತು, ಮುಖ ಬಾಡಿದವರನ್ನು ಆರಿಸಿ ಕೈ ಕುಲುಕತೊಡಗಿದ. ಎಲೋಡಿಯಾ ಹೋಗಿ ಅವನ ಭುಜಕ್ಕೆ ಭುಜ ತಾಗುವಂತೆ ನಿಂತಳು.

"ಇವನ ಕೈ ಹಿಡೀಬೇಡಿ. ನನ್ನ ಗಂಡನ ಕೈಯಲ್ಲೇ ನನ್ನ ಮನೆ ಒಡೆಸಿದ." ಹೊರಬಂದ ಪ್ರತಿಯೊಬ್ಬರಿಗೂ ಹೇಳಿದಳು. ಅವನು ಜಾಗ ಬದಲಿಸಿದ, ಅವಳೂ ಬದಲಿಸಿದಳು.

"ಪೊಲೀಸರನ್ನ ಕರೀತೀನಿ!"

"ಕರಿ. ಅವರಿಗೂ ಹೇಳ್ತೀನಿ."

ಅವನು ಊರಾಚೆಯ ಇನ್ನೊಂದು ಚರ್ಚಿಗೆ ಹೋದ. ಎಲೋಡಿಯಾ ಬಸ್ಸು ಹತ್ತಿದಳು. ಅವಳ ಜೊತೆ ನಾನು, ಫೆರ್ಮಿನ್, ಇವನ ಕೈಯಲ್ಲೇ ಮನೆ ಕಳಕೊಂಡ ಇನ್ನೂ ಮೂರು ಹೆಂಗಸರು. ಇಡೀ ದಾರಿ ನಗುತ್ತಲೇ ಹೋದೆವು. ಚರ್ಚಿನ ಮೆಟ್ಟಿಲ ಮೇಲೆ ಅವನು ಮುದುಕಿಯೊಬ್ಬಳ ಕೈ ಹಿಡಿದು, "ಹೆದರ್ಬೇಡಿ ಅಮ್ಮಾ" ಎನ್ನುತ್ತಿದ್ದ. ತಲೆ ಎತ್ತಿ ನಮ್ಮನ್ನು ನೋಡಿದ. ಹಿಡಿದ ಕೈ ತಾನಾಗಿ ಬಿಟ್ಟ.