ಕೈಯಲ್ಲಿ ತಿರುಗಿಸಿ ಬಿಟ್ಟ ಬೋಲ್ಟು

ಎಡ ಪಕ್ಕೆಗೆ ಏನೋ ಚುಚ್ಚುತ್ತಿತ್ತು. ಊರು ಬಿಟ್ಟು ಮುಕ್ಕಾಲು ಗಂಟೆಯಾಗಿತ್ತು, ಗುಡ್ಡದ ಏರು ಮುಗಿಯುತ್ತಾ ಬಂದಿತ್ತು. ಬೈಕಿನ ಹ್ಯಾಂಡಲಿನಿಂದ ಒಂದು ಕೈ ಬಿಟ್ಟು ಜಾಕೆಟ್ಟಿನ ಜೇಬು ಮುಟ್ಟಿ ನೋಡಿಕೊಂಡೆ. ಸ್ಪ್ಯಾನರ್! ನನ್ನ ಎದೆ ಧಸಕ್ಕೆಂದಿತು.

ಜೇಬಿನಲ್ಲಿ ಸ್ಪ್ಯಾನರ್ ಇದ್ದರೆ ಹೆದರುವುದೇನು ಅನ್ನಬಹುದು. ನನ್ನದು ಕನ್ನಡಕದ ಅಂಗಡಿ. ಸಾಸಿವೆ ಕಾಳಿನಷ್ಟು ಸ್ಕ್ರೂಗಳ ಜೊತೆ ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದೇನೆ. ಅರ್ಧ ಕೆಲಸದಲ್ಲಿ ಯಾರಾದರೂ ಕರೆದರೆ ಕೈಲಿರುವ ಸಲಕರಣೆಯನ್ನು ಜೇಬಿಗೆ ಹಾಕಿಕೊಂಡು ಏಳುತ್ತೇನೆ. ಕೆಲಸ ಪೂರ್ತಿಯಾದ ಮೇಲೇ ಅದು ಡಬ್ಬಿಗೆ ವಾಪಸ್ಸು. ಜೇಬಿನಲ್ಲಿ ಉಳಿದಿದೆ ಅಂದರೆ ಎಲ್ಲೋ ಏನೋ ಸಡಿಲ ಉಳಿದಿದೆ ಎಂದೇ ಅರ್ಥ.

ಸಡಿಲ ಉಳಿದದ್ದು ನನ್ನ ಮುಂದೆಯೇ ಓಡುತ್ತಿತ್ತು. ಮುಂದೆ ಹೋಗುತ್ತಿದ್ದವನು ಲಿಫ್ಟು. ಅದು ಅಡ್ಡಹೆಸರು. ಎತ್ತರದ ಕಟ್ಟಡಗಳ ಲಿಫ್ಟ್ ರಿಪೇರಿ ಅವನ ಕೆಲಸ. ಒಂದನೇ ಕ್ಲಾಸಿನಿಂದ ನನ್ನ ಗೆಳೆಯ. ವಾರವೆಲ್ಲಾ ಮೇಲೆ ಕೆಳಗೆ ಓಡಾಡಿ ಸಾಕಾಗಿದೆ, ಭಾನುವಾರವಾದರೂ ಮುಂದಕ್ಕೆ ಹೋಗಬೇಕು ಅನ್ನುವ ಆಸಾಮಿ. ಚಳಿಗಾಲ ಬಂದು ಹಿಮ ಬಿತ್ತೆಂದರೆ ನಮ್ಮ ಎರಡೂ ಬೈಕು ಅವನ ಶೆಡ್ಡಿನಲ್ಲಿ ಹೊದ್ದು ಮಲಗುತ್ತವೆ. ಚಳಿ ಕಳೆದು ಮೊದಲ ಸವಾರಿ ಹೊರಡುವ ಮುನ್ನ ಅವನ ಗಾಡಿಯನ್ನು ನಾನು ನೋಡಬೇಕು, ನನ್ನದನ್ನು ಅವನು. ತನ್ನ ಗಾಡಿಯ ಕೊರತೆ ತನ್ನ ಕಣ್ಣಿಗೆ ಬೀಳುವುದಿಲ್ಲ ಎಂದು ಅವನೇ ಮಾಡಿದ ಕಾನೂನು.

ಹಿಂದಿನ ಸಂಜೆ ಅವನ ಮುಂದಿನ ಬ್ರೇಕಿಗೆ ಹೊಸ ಪ್ಯಾಡ್ ಹಾಕಿದ್ದೆ. ಬ್ರೇಕನ್ನು ಚಕ್ರದ ಪಕ್ಕ ಹಿಡಿದಿಡುವುದು ಎರಡೇ ಬೋಲ್ಟು. ಎರಡನ್ನೂ ಕೈಯಲ್ಲೇ ತಿರುಗಿಸಿ ಕೂರಿಸಿದ್ದೆ, ಇನ್ನು ಸ್ಪ್ಯಾನರ್ ಹಾಕಿ ಬಿಗಿಯಬೇಕು, ಅಷ್ಟರಲ್ಲಿ ಅವನ ಹೆಂಡತಿ, ನನಗೆ ಅತ್ತಿಗೆ, ಬಾಗಿಲಲ್ಲಿ ನಿಂತು, "ಟೀ ಆರಿ ಹೋಗ್ತಿದೆ, ಬನ್ನಿ," ಅಂದರು. ಹೋದೆ. ಟೀ ಕುಡಿದೆ, ಹರಟೆ ಹೊಡೆದೆ. ತಿರುಗಿ ಬಂದು ಟ್ಯಾಂಕನ್ನು ಫಳಫಳ ಒರೆಸಿ, "ನಿಂದು ಆಯ್ತು," ಅಂದೆ.

ಆ ದಿನ ಬೆಳಿಗ್ಗೆ ಗೇಟಿನ ಹತ್ತಿರ ಅತ್ತಿಗೆ, "ನೀವು ಜೊತೇಲಿದ್ರೆ ನನಗೆ ಯೋಚನೆನೇ ಇಲ್ಲ," ಅಂದಿದ್ದರು. ಆ ಮಾತು ನೆನಪಾಯಿತು.

ಏರು ಮುಗಿದು ಇಳಿಜಾರು ಶುರುವಾಯಿತು. ಕೆಳಗಿನ ಸೇತುವೆಯವರೆಗೆ ಹನ್ನೊಂದು ತಿರುವು, ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ಚಳಿಗಾಲದ ಹಿಮದಲ್ಲಿ ಗಾಡಿಗಳು ಜಾರದಿರಲೆಂದು ಎರಚಿದ ಮರಳನ್ನು ಇನ್ನೂ ಯಾರೂ ಗುಡಿಸಿರಲಿಲ್ಲ. ಲಿಫ್ಟು ಬ್ರೇಕ್ ಹಿಡಿದಷ್ಟೂ ಆ ಬೋಲ್ಟುಗಳು ಅಲುಗುತ್ತವೆ. ಬಿಚ್ಚಿಕೊಂಡರೆ ಬ್ರೇಕ್ ಕಳಚಿ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ, ಗಾಡಿ ಥಟ್ಟನೆ ನಿಲ್ಲುತ್ತದೆ, ಅವನು ನಿಲ್ಲುವುದಿಲ್ಲ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಣ್ಣಬೇಕಾದವನು ಅವನು.

ಹಾರನ್ ಒತ್ತಿದೆ. ಲೈಟನ್ನು ಹಾಕಿ ಆರಿಸಿ, ಹಾಕಿ ಆರಿಸಿ ಮಾಡಿದೆ. ಅವನು ಕನ್ನಡಿಯಲ್ಲಿ ನೋಡಿ ಎಡಗೈ ಎತ್ತಿ ಗಾಳಿಯಲ್ಲಿ ಆಡಿಸಿದ. ಆಮೇಲೆ ಹ್ಯಾಂಡಲ್ ಮೇಲೆ ಬಗ್ಗಿ ಬುರ್ರೆಂದು ಮುಂದೆ ಹೋದ.

ನನ್ನ ಬುದ್ಧಿಗಿಷ್ಟು! ಹಿಂದಿನವನು ಲೈಟ್ ಮಿಣುಕಿಸಿದರೆ "ತಾಕತ್ತಿದ್ದರೆ ಓಡು, ಹಿಡೀತೀನಿ" ಎಂದರ್ಥ. ಹುಡುಗಾಟಿಕೆಯ ಕಾಲದಿಂದ ನಮ್ಮಿಬ್ಬರ ನಡುವಿನ ಸನ್ನೆ ಅದು. ನಾನು ಕೂಗಿದಷ್ಟೂ, ಬೆನ್ನಟ್ಟಿದಷ್ಟೂ ಅವನು ಜೋರಾಗುತ್ತಾನೆ. ಎರಡನೇ ತಿರುವಿನಲ್ಲಿ ಅವನ ಬ್ರೇಕ್ ದೀಪ ಕೆಂಪಗೆ ಹೊತ್ತಿತು. ನಾನು ಕಣ್ಣು ಮುಚ್ಚಿಬಿಟ್ಟೆ, ಬೈಕ್ ಓಡಿಸುತ್ತಿದ್ದೇನೆ ಎಂಬುದೂ ಮರೆತು. ತೆರೆದಾಗ ಅವನು ಮೂರನೆಯದಕ್ಕೆ ಬಾಗುತ್ತಿದ್ದ.

ಉಳಿದದ್ದು ಒಂದೇ ದಾರಿ. ಕನ್ನಡಿಯಲ್ಲಿ ಗೆಳೆಯ ಕಾಣದಿದ್ದರೆ ತಿರುಗಿ ಬರಬೇಕು, ಅದೂ ನಮ್ಮ ಕಾನೂನೇ. ಬೈಕನ್ನು ಪಕ್ಕಕ್ಕೆ ಹಾಕಿ ಲೈಟ್ ಆರಿಸಿದೆ. ಫೋನ್ ಮಾಡಿದೆ. ರಿಂಗ್ ಆಯಿತು, ಆಯಿತು, ನಿಂತುಹೋಯಿತು. ಅವನ ಇಂಜಿನ್ನಿನ ಸದ್ದು ಬಂಡೆಯ ಆಚೆ ಸಣ್ಣದಾಯಿತು, ಆಮೇಲೆ ಅದೂ ಇಲ್ಲವಾಯಿತು.

ಅಂಥ ಭಯವನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಡಬ್ ಎಂಬ ಸದ್ದಿಗಾಗಿ ಕಿವಿ ಕಾಯುತ್ತಿತ್ತು. ಬೇಡ ಅಂದರೂ ಕಾಯುತ್ತಿತ್ತು. ಅತ್ತಿಗೆಗೆ ಏನು ಹೇಳಲಿ? ಆಗ ಒಂದು ಯೋಚನೆ ಬಂತು. ಯಾರೂ ಕರೆಯದೆ, ತಾನಾಗೇ. ಇಷ್ಟು ಮರಳಿದೆಯಲ್ಲ, ಮರಳಿನ ಮೇಲೆ ಜಾರಿದ ಅಂದರಾಯಿತು. ಬೋಲ್ಟಿನ ವಿಷಯ ಗೊತ್ತಿರುವುದು ನನಗೊಬ್ಬನಿಗೇ. ಸ್ಪ್ಯಾನರನ್ನು ಪ್ರಪಾತಕ್ಕೆ ಎಸೆದರೆ ಮುಗಿಯಿತು. ನನ್ನ ಕೈ ಜೇಬಿನೊಳಗೆ ಹೋಗಿಯೂ ಇತ್ತು.

ಅಷ್ಟರಲ್ಲಿ ಕೆಳಗಿನಿಂದ ಸದ್ದು ಕೇಳಿತು. ಇಂಜಿನ್ ಕಿರುಚಿಕೊಳ್ಳುತ್ತಾ ಹತ್ತುತ್ತಿತ್ತು. ಅವನು ಈ ವೇಗದಲ್ಲಿ ಬರುತ್ತಿದ್ದದ್ದು ಇಪ್ಪತ್ತರ ವಯಸ್ಸಿನಲ್ಲಿ. ನಡುರಸ್ತೆಗೆ ಓಡಿ ಕೈ ಬೀಸಲು ಹೊರಟೆ. ಬೀಸಿದರೆ ಅವನು ಬ್ರೇಕ್ ಹಿಡಿಯುತ್ತಾನೆ! ಹಿಂದಕ್ಕೆ ಬಂದು ಬಂಡೆಗೆ ಒರಗಿ, ಕೈಕಟ್ಟಿ, ಫೋಟೋ ತೆಗೆಸಿಕೊಳ್ಳಲು ನಿಂತ ಮದುವೆ ಗಂಡಿನ ಹಾಗೆ ಹಲ್ಲು ಕಿರಿದೆ.

ಅವನು ನನ್ನನ್ನು ಕಂಡ. ವೇಗ ತಾನಾಗಿ ಇಳಿಯಿತು, ಏರಿನಲ್ಲಿ ಗಾಡಿ ಮೆಲ್ಲಗೆ ಬಂದು ನಿಂತಿತು. ಸ್ಟ್ಯಾಂಡ್ ಹಾಕುವುದಕ್ಕೂ ಮೊದಲೇ ಬಾಯಿ ಬಿಟ್ಟ.

"ಬಿದ್ಯೇನೋ? ಎಲ್ಲಿ ಪೆಟ್ಟಾಯ್ತು?"

"ಇಳಿ. ಬ್ರೇಕ್ ಮುಟ್ಬೇಡ. ಮೊದಲು ಇಳಿ."

"ಲೇ ಕನ್ನಡ್ಕ, ಏನಾಯ್ತು ಹೇಳೋ?"

ಅವನ ಮುಂದಿನ ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಮೇಲಿನ ಬೋಲ್ಟನ್ನು ಎರಡು ಬೆರಳಿನಲ್ಲಿ ಹಿಡಿದೆ. ತಿರುಗಿಸಲೇ ಇಲ್ಲ, ಹಾಗೇ ಕೈಗೆ ಬಂತು. ಕೆಳಗಿನದು ಎರಡೇ ಸುತ್ತಿನ ಹಿಡಿತದಲ್ಲಿ ಉಳಿದಿತ್ತು.

"ನೆನ್ನೆ ಬಿಗಿಯೋದು ಮರೆತೆ. ಅತ್ತಿಗೆ ಟೀಗೆ ಕರೆದ್ರು. ತಪ್ಪು ಅವರದ್ದಲ್ಲ, ನಂದೇ," ಅಂದೆ.

ಅವನು ಆ ಬೋಲ್ಟನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದ. ಬಯ್ಯುತ್ತಾನೆ ಎಂದು ಕಾದೆ, ಬೈದಿದ್ದರೆ ಚೆನ್ನಾಗಿತ್ತು. ರಸ್ತೆ ಬದಿಯಲ್ಲಿ ಕೂತು ಹೆಲ್ಮೆಟ್ ತೆಗೆದ. ಮುಖ ಸುಣ್ಣದಂತೆ ಬಿಳಿಚಿತ್ತು.

"ಇಳೀವಾಗ ನಾಲ್ಕು ಸಲ ಹಿಡಿದಿದ್ದೆ. ಐದನೇ ತಿರುವಿನ ಹತ್ರ ಕನ್ನಡೀಲಿ ನೀನಿರ್ಲಿಲ್ಲ," ಅಂದ. "ಆಮೇಲೆ ಬ್ರೇಕ್ ಒಂದಿದೆ ಅನ್ನೋದೇ ನೆನಪಾಗ್ಲಿಲ್ಲ ಕಣೋ. ತಿರುವಲ್ಲೂ ಹಿಡೀಲಿಲ್ಲ. ನೀನು ಎಲ್ಲಿ ಬಿದ್ದಿದ್ದೀಯೋ, ಜೀವ ಇದ್ಯೋ ಇಲ್ವೋ, ಅದೊಂದೇ."

ಸ್ಪ್ಯಾನರನ್ನು ಅವನ ಕಡೆಗೆ ಚಾಚಿದೆ. ಅವನು ತೆಗೆದುಕೊಳ್ಳಲಿಲ್ಲ.

"ನೀನೇ ಬಿಗಿ," ಅಂದ.

"ಕೈ ನಡುಗ್ತಿದೆ."

"ನಡುಗ್ಲಿ. ಇವತ್ತು ಮರೆಯಲ್ಲ ನೀನು."

ಬಿಗಿದೆ. ಎರಡನ್ನೂ, ಎರಡೆರಡು ಸಲ. ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಅವನು ನನ್ನನ್ನೇ ಮುಂದೆ ಬಿಟ್ಟ, ಮತ್ತೆ ಕನ್ನಡಿಯಿಂದ ಮಾಯವಾಗಬೇಡ ಎಂದು. ಮನೆಯಲ್ಲಿ ಅತ್ತಿಗೆಗೆ ಬೋಲ್ಟಿನ ಕಥೆಯನ್ನು ಅವನೇ ನಗುನಗುತ್ತಾ ಹೇಳಿದ. ನಾನೂ ನಕ್ಕೆ. ನನ್ನನ್ನು ಹುಡುಕಿಕೊಂಡು ಅವನು ಆ ತಿರುವುಗಳನ್ನು ಹತ್ತುತ್ತಿದ್ದಾಗ ನಾನು ಮರಳಿನ ಬಗ್ಗೆ ಯೋಚಿಸುತ್ತಿದ್ದೆ ಎಂಬುದನ್ನು ಮಾತ್ರ ಇವತ್ತಿನವರೆಗೂ ಹೇಳಿಲ್ಲ.