ಪಾಸ್‌ವರ್ಡಣ್ಣ ಹುಡುಕಿದ್ದು

ಅತ್ತಿಗೆ ಮಡಚುತ್ತಿದ್ದ ಕುರ್ಚಿಯನ್ನು ಗೋಡೆಗೆ ಧಡ್ ಎಂದು ಒರಗಿಸಿದರು.

"ಏಳು ತಿಂಗಳು ಕಣೇ! ಏಳು ತಿಂಗಳು ಒಬ್ಬನೇ ಕಾಯಿಲೇನ ಹೊಟ್ಟೇಲಿ ಹಾಕ್ಕೊಂಡು ಓಡಾಡಿದಾನೆ. ಒಂದೇ ಮನೇಲಿದ್ದು ನಿನಗೆ ಗೊತ್ತಾಗ್ಲಿಲ್ವಾ?"

ಅತ್ತಿಗೆಯ ಒಡಹುಟ್ಟಿದ ತಮ್ಮನನ್ನು ಮಣ್ಣು ಮಾಡಿ ಬಂದು ಇನ್ನೂ ಎರಡು ಗಂಟೆಯಾಗಿರಲಿಲ್ಲ. ಬಂದವರಲ್ಲಿ ಮುಕ್ಕಾಲು ಜನ ಹೊರಟುಹೋಗಿದ್ದರು. ಉಳಿದವರು ಖಾಲಿ ಟೀ ಲೋಟ ಹಿಡಿದುಕೊಂಡೇ ಕಿವಿ ನೆಟ್ಟಗೆ ಮಾಡಿದರು.

ಸತ್ತವನ ಹೆಂಡತಿ ನೆಲದ ಮೇಲಿದ್ದ ಲೋಟ ಎತ್ತಿಕೊಂಡಳು. ಗೊತ್ತಿತ್ತು ಎಂದರೆ, ಗೊತ್ತಿದ್ದೂ ಸುಮ್ಮನಿದ್ದೆಯಾ ಎಂಬ ಪ್ರಶ್ನೆ ಬರುತ್ತಿತ್ತು. ಅದನ್ನು ಅವಳೇ ತನಗೆ ಬೆಳಗಿನಿಂದ ಕೇಳಿಕೊಳ್ಳುತ್ತಿದ್ದಳು. ಸಾಯುವ ಮನುಷ್ಯನನ್ನು ಒಂಟಿಯಾಗಿ ಬಿಟ್ಟುಬಿಟ್ಟೆನೇ?

*

ಕಂಪ್ಯೂಟರ್ ರಿಪೇರಿ ಅಂಗಡಿಯವನಾದ ಅವಳ ಗಂಡನಿಗೆ ಪಾಸ್‌ವರ್ಡಣ್ಣ ಎಂಬ ಹೆಸರು ಬಿದ್ದದ್ದು, ಯಾರ ಪಾಸ್‌ವರ್ಡನ್ನೂ ಅವನು ಕೇಳಿಸಿಕೊಳ್ಳುತ್ತಿರಲಿಲ್ಲ ಎಂಬ ಕಾರಣಕ್ಕೆ. ಗಿರಾಕಿಗಳು ಕೌಂಟರಿನ ಆಚೆಯಿಂದಲೇ ಕೂಗಿ ಹೇಳಲು ಶುರುಮಾಡಿದರೆ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದ. "ಒಳಗೆ ಬನ್ನಿ ಸ್ವಾಮಿ, ನೀವೇ ಒತ್ತಿ," ಎಂದು ಸ್ಟೂಲು ಕೊಟ್ಟು, ತಾನು ಗೋಡೆಯ ಕಡೆ ತಿರುಗಿ ಕ್ಯಾಲೆಂಡರ್ ಓದುತ್ತಿದ್ದ. ಅವನಿಗೆ ಯಾರ ಗುಟ್ಟೂ ಗೊತ್ತಿಲ್ಲ, ಆದರೆ ಯಾವ ತಾರೀಕು ಯಾವ ವಾರ ಎಂಬುದು ಬಾಯಿಪಾಠ ಎಂದು ಬೀದಿಯವರು ನಗುತ್ತಿದ್ದರು.

"ಬೇರೆಯವರ ಕಂಪ್ಯೂಟರಲ್ಲಿ ಇಣುಕೋದೂ ಒಂದೇ, ಬಚ್ಚಲುಮನೇಲಿ ಇಣುಕೋದೂ ಒಂದೇ," ಎನ್ನುತ್ತಿದ್ದ ಮನೆಯಲ್ಲೂ.

ಆದರೆ ದೀಪದ ಕೆಳಗೇ ಕತ್ತಲು. ಊರಿನವರಿಗೆಲ್ಲ ಕೆಲಸ ಮುಗಿದ ಮೇಲೆ ಅಕೌಂಟಿನಿಂದ ಹೊರಗೆ ಬನ್ನಿ ಎಂದು ಬುದ್ಧಿ ಹೇಳುತ್ತಿದ್ದವನು, ಮನೆಯ ಹಳೇ ಕಂಪ್ಯೂಟರಿನಲ್ಲಿ ಎಂದೋ ತನ್ನ ಅಂಗಡಿಯ ಅಕೌಂಟು ತೆರೆದು ಹಾಗೇ ಮರೆತಿದ್ದ. ಅಂಗಡಿಯಲ್ಲಿ ಅವನು ಹುಡುಕಿದ್ದೆಲ್ಲ ಮನೆಯ ಬ್ರೌಸರಿನಲ್ಲೂ ಬಂದು ಕೂರುತ್ತಿತ್ತು.

ಕರೆಂಟ್ ಬಿಲ್ಲು ಕಟ್ಟಲು ಹೆಂಡತಿ ಕೂತ ದಿನ ಹುಡುಕುವ ಜಾಗದ ಕೆಳಗೆ ಒಂದು ಸಾಲು ಕಂಡಿತು: *ಕ್ಯಾನ್ಸರ್ ಕೊನೇ ಹಂತ ಎಷ್ಟು ತಿಂಗಳು.*

ಅವಳು ಬಿಲ್ಲು ಕಟ್ಟದೆಯೇ ಕಂಪ್ಯೂಟರ್ ಆರಿಸಿದಳು. ಅವತ್ತು ಅವನು ಮನೆಗೆ ಬಂದು, "ಈ ನಡುವೆ ಊಟ ಕಮ್ಮಿ ಮಾಡಿದೀನಿ ಕಣೇ, ಹೊಟ್ಟೆ ಬಂದಿದೆ," ಎಂದ. ಅವಳು ಹೂಂ ಎಂದಳು. ಹೇಳಬೇಕೆನಿಸಿದಾಗ ಅವರೇ ಹೇಳಲಿ, ಊರ ಗುಟ್ಟು ಕಾಯುವವರ ಗುಟ್ಟನ್ನು ನಾನಾದರೂ ಕಾಯಬೇಡವೇ ಎಂದುಕೊಂಡಳು. ಅಡುಗೆಗೆ ಖಾರ ಕಮ್ಮಿ ಮಾಡಿದಳು, ಅನ್ನ ಮೆತ್ತಗೆ ಬೇಯಿಸಿದಳು. ಆ ಕಂಪ್ಯೂಟರನ್ನು ಮತ್ತೆ ಮುಟ್ಟಲಿಲ್ಲ. ಕರೆಂಟ್ ಬಿಲ್ಲನ್ನೂ ಅಷ್ಟು ದೂರದ ಕರೆಂಟ್ ಆಫೀಸಿಗೆ ನಡೆದು, ಸರದಿಯಲ್ಲಿ ನಿಂತು ಕಟ್ಟಿ ಬರುತ್ತಿದ್ದಳು. ಕೊನೆಗೆ ಅವನನ್ನು ಆಸ್ಪತ್ರೆಗೆ ಸೇರಿಸಿದಾಗಲೂ ಇಬ್ಬರೂ ಆ ಮಾತು ಎತ್ತಲಿಲ್ಲ.

*

"ಅಕ್ಕನಿಗೆ ಗೊತ್ತಿತ್ತು," ಎಂದಳು ಬಾಗಿಲ ಬಳಿ ಕೂತಿದ್ದ ಹೆಂಗಸು. ಹನ್ನೊಂದು ವರ್ಷ ಅವನ ಜೊತೆ ಅಂಗಡಿಯಲ್ಲಿ ಕೆಲಸ ಮಾಡಿದವಳು ಅವಳು.

ಹೆಂಡತಿ ತಲೆಯೆತ್ತಿದಳು.

"ನಾಲ್ಕು ತಿಂಗಳ ಹಿಂದೆ ನನ್ನ ಕಣ್ಣಿಗೆ ಬಿತ್ತು ಅಕ್ಕ, ಮನೆ ಕಂಪ್ಯೂಟರು ಅದೇ ಅಕೌಂಟಲ್ಲಿದೆ ಅಂತ. ಬೇರೆ ಮಾಡ್ಲಾ ಅಂತ ಯಜಮಾನ್ರನ್ನ ಕೇಳ್ದೆ. ಬೇಡ ಅಂದ್ರು. 'ಅವಳಿಗೆ ಆಗ್ಲೇ ಗೊತ್ತಾಗಿದೆ, ಅಡುಗೇಲಿ ಖಾರ ಇಲ್ಲ. ನನಗಂತೂ ಎದುರಿಗೆ ಹೇಳೋಕೆ ಬಾಯಿ ಬರ್ತಿಲ್ಲ. ಅದು ಹಂಗೇ ಇರ್ಲಿ, ಓದ್ಕೊಳ್ಳಲಿ,' ಅಂದ್ರು."

"ನಾನು ಓದ್ಲೇ ಇಲ್ವಲ್ಲ," ಎಂದಳು ಹೆಂಡತಿ. "ಇಣುಕಬಾರದು ಅಂತ ಸುಮ್ನಿದ್ದೆ."

ಅವಳೇ ಎದ್ದು ಒಳಕೋಣೆಗೆ ಹೋಗಿ ಕಂಪ್ಯೂಟರ್ ಹಾಕಿದಳು. ಹಳೇ ಯಂತ್ರ, ಏಳುವುದಕ್ಕೆ ಹೊತ್ತು ತೆಗೆದುಕೊಂಡಿತು. ಅಂಗಡಿಯವಳು ಬಂದು ಹಳೆಯ ಹುಡುಕಾಟಗಳ ಪಟ್ಟಿ ತೆರೆದುಕೊಟ್ಟು ಹೊರಗೆ ಹೋದಳು. ಅತ್ತಿಗೆ ಕನ್ನಡಕ ಏರಿಸಿಕೊಂಡು ಕುರ್ಚಿಯ ಹಿಂದೆ ನಿಂತು, ಕೆಳಗಿನಿಂದ ಮೇಲಕ್ಕೆ ಗಟ್ಟಿಯಾಗಿ ಓದತೊಡಗಿದರು.

"ಹೆಂಡತಿಗೆ ಹೇಗೆ ಹೇಳುವುದು.

"ನನ್ನ ಜೊತೆ ಖಾರ ಬಿಟ್ಟವಳಿಗೆ ಬಾಯಿ ಕೆಡುವುದಿಲ್ಲವೇ.

"ಆಸ್ಪತ್ರೆಯ ಬೆಂಚಿನಲ್ಲಿ ಮಲಗಿದರೆ ಅವಳ ಸೊಂಟಕ್ಕೆ ಏನು ಮಾಡುವುದು.

"ಗ್ಯಾಸ್ ಸಿಲಿಂಡರ್ ಒಬ್ಬರೇ ಬದಲಾಯಿಸುವುದು ಹೇಗೆ..."

ಅತ್ತಿಗೆ ಓದುವುದನ್ನು ಅಲ್ಲಿಗೇ ನಿಲ್ಲಿಸಿದರು. ಅವರ ಕೈ ಮೆಲ್ಲಗೆ ಇವಳ ಹೆಗಲ ಮೇಲೆ ಬಂತು. ಎಲ್ಲಕ್ಕಿಂತ ಮೇಲಿನ ಸಾಲು ಆಸ್ಪತ್ರೆಯಿಂದ ಫೋನಿನಲ್ಲಿ ಹುಡುಕಿದ್ದು, ನಾಲ್ಕು ದಿನದ ಹಿಂದಿನದು. ಅದನ್ನು ಹೆಂಡತಿಯೇ ಓದಿಕೊಂಡಳು.

*ಓದ್ತಿದೀಯಾ?*

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಹುಡುಕುವ ಜಾಗದಲ್ಲಿ ಒಂದೊಂದೇ ಅಕ್ಷರವನ್ನು ಬೆರಳಿನಿಂದ ಹುಡುಕಿ ಒತ್ತಿದಳು.

*ಹೂಂ ರೀ. ಓದ್ತಿದೀನಿ. ಸಿಲಿಂಡರ್ ನಾನೇ ಹಾಕ್ಕೋತೀನಿ.*